ಹಿಮ್ಮಡಿಯ ಒಂದು ಹನಿ ರಕ್ತ, ಅದರ ಹಿಂದಿನ ಲೆಕ್ಕ

2025ರ ಜನವರಿಯ ಒಂದು ಭಾನುವಾರ ರಾತ್ರಿ ಉತ್ತರ ವರ್ಜೀನಿಯಾದ ಪರಿಚಿತ ದಂಪತಿಯಿಂದ ಫೋನ್ ಬಂತು. ಇಲ್ಲಿನ ಕಾವೇರಿ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ಪರಿಚಯವಾದವರು. ಪ್ರತಿ ವರ್ಷ ಅವರ ತೆರಿಗೆ ಕಾಗದ ನೋಡಿಕೊಡುವವನು ನಾನೇ. ಮಗು ಹುಟ್ಟಿ ಹನ್ನೊಂದು ದಿನವಾಗಿತ್ತು. ಬಾಣಂತನಕ್ಕೆಂದು ಹಾಸನದ ಕಡೆಯಿಂದ ಹುಡುಗಿಯ ತಾಯಿ ಬಂದಿದ್ದರು. ಶುಭ ಸಮಾಚಾರವೇ ಇರಬೇಕೆಂದು ಫೋನ್ ಎತ್ತಿದರೆ ಆ ಕಡೆ ಹುಡುಗನ ಧ್ವನಿ ನಡುಗುತ್ತಿತ್ತು. ‘ಸರ್, ಇನ್ಶೂರೆನ್ಸ್ ಕಾಗದ ಸ್ವಲ್ಪ ಓದಿ ಹೇಳ್ತೀರಾ? ಮಗುವಿಗೆ ಕಸಿ ಮಾಡಬೇಕಂತೆ.’

ನಾನು ಡಾಕ್ಟರಲ್ಲ. ಬಿ.ಕಾಂ. ಮಾಡಿ, ಸಿಎ ಮುಗಿಸಿ, ಇಲ್ಲಿ ಕಂಪನಿಗಳ ಲೆಕ್ಕ ನೋಡುವವನು. ಆದರೆ ಆ ರಾತ್ರಿಯಿಂದ ಸುಮಾರು ಎಂಟು ತಿಂಗಳು ಆ ಮನೆಯ ಬಿಲ್ಲು, ಪತ್ರ, ವಿಮಾ ಕಂಪನಿಯ ನಿರಾಕರಣೆ, ಮೇಲ್ಮನವಿ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋದವು. ರೋಗನಿರೋಧಕ ಶಕ್ತಿಯ ಕೊರತೆ ಎಂದರೆ ಏಡ್ಸ್ ಮಾತ್ರ ಎಂದುಕೊಂಡಿದ್ದ ನನಗೆ, ಹುಟ್ಟಿನಿಂದಲೇ ಬರುವ ಕೊರತೆಗಳು ನೂರಾರು ಬಗೆಯವು ಎಂಬುದು ತಿಳಿದದ್ದು ಆಗಲೇ. ಅವುಗಳಲ್ಲಿ ಅತಿ ತೀವ್ರವಾದದ್ದಕ್ಕೆ ವೈದ್ಯರು ಸ್ಕಿಡ್ ಎನ್ನುತ್ತಾರೆ. ಆ ಮಗುವಿಗೆ ಇದ್ದದ್ದು ಅದೇ.

ಅಮೆರಿಕದಲ್ಲಿ ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ಒಂದು ದಪ್ಪ ಕಾಗದದ ಮೇಲೆ ಒಣಗಿಸಿ ಆಯಾ ರಾಜ್ಯದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು ತಯಾರಾಗುವಾಗ ಉಳಿಯುವ ಡಿಎನ್‌ಎ ತುಣುಕುಗಳನ್ನು ಆ ರಕ್ತದಲ್ಲಿ ಎಣಿಸುತ್ತಾರೆ. ತುಣುಕು ಇಲ್ಲದಿದ್ದರೆ ಕಣವೂ ಇಲ್ಲ ಎಂದು ಅನುಮಾನ. ಒಂದು ಮಗುವಿಗೆ ತಗಲುವ ವೆಚ್ಚ ಕೆಲವೇ ಡಾಲರ್. 2008ರಲ್ಲಿ ವಿಸ್ಕಾನ್ಸಿನ್ ಮೊದಲು ಆರಂಭಿಸಿತು, 2010ರಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಶಿಫಾರಸು ಮಾಡಿತು, 2018ರ ಕೊನೆಯ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಜಾರಿಗೆ ಬಂತು. ಹನ್ನೊಂದು ಪರೀಕ್ಷಾ ಕಾರ್ಯಕ್ರಮಗಳ 30 ಲಕ್ಷ ಶಿಶುಗಳ ಲೆಕ್ಕ 2014ರಲ್ಲಿ ಪ್ರಕಟವಾದಾಗ ಸ್ಕಿಡ್ ಇದ್ದವು 52, ಅಂದರೆ ಸುಮಾರು 58 ಸಾವಿರಕ್ಕೆ ಒಂದು ಮಗು.

ಇಂಥ ಮಗು ಹುಟ್ಟುವಾಗ ಮುದ್ದಾಗಿಯೇ ಇರುತ್ತದೆ. ತೂಕ ಸರಿ, ಬಣ್ಣ ಸರಿ, ಅಳು ಜೋರು. ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುತ್ತವೆ. ಆಮೇಲೆ ಕೆಮ್ಮು, ನಿಲ್ಲದ ಭೇದಿ, ಬಾಯಿಯಲ್ಲಿ ಬಿಳಿ ಅಗ್ರ, ನ್ಯುಮೋನಿಯಾ. ಚಿಕಿತ್ಸೆ ಇಲ್ಲದೆ ಮೊದಲ ಅಥವಾ ಎರಡನೇ ಹುಟ್ಟುಹಬ್ಬ ನೋಡುವ ಮಕ್ಕಳು ವಿರಳ. ಸೋಂಕು ತಗಲುವ ಮೊದಲೇ ಅಸ್ಥಿಮಜ್ಜೆ ಕಸಿ ಮಾಡಿದರೆ ಚಿತ್ರವೇ ಬೇರೆ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳ ಕೂಟವೊಂದು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಮ್ಮಡಿ ಪರೀಕ್ಷೆಯಿಂದಲೇ ಪತ್ತೆಯಾಗಿ ಕಸಿ ಮಾಡಿಸಿಕೊಂಡ ಮಕ್ಕಳಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ 92ಕ್ಕೂ ಹೆಚ್ಚು. ಇಂಥ ಪರೀಕ್ಷೆ ಇಲ್ಲದ ಹಿಂದಿನ ದಶಕಗಳಲ್ಲಿ ಆ ಪ್ರಮಾಣ ಶೇ 70ರ ಆಸುಪಾಸಿನಲ್ಲಿತ್ತು, ಅದೂ ಕಸಿಯವರೆಗೆ ತಲುಪಿದ ಮಕ್ಕಳದು ಮಾತ್ರ.

ನಮ್ಮ ಪರಿಚಿತರ ಮನೆಗೆ ಮರುದಿನ ಹೋದೆ. ಮಗು ಆಸ್ಪತ್ರೆಯಲ್ಲಿತ್ತು. ಹೊರಗಿನವರಾರೂ ಮುಟ್ಟುವಂತಿಲ್ಲ, ಮುತ್ತು ಕೊಡುವಂತಿಲ್ಲ. ವೈರಸ್ ಪರೀಕ್ಷೆಯ ವರದಿ ಬರುವ ತನಕ ತಾಯಿಯ ಎದೆಹಾಲನ್ನೂ ನಿಲ್ಲಿಸಿದ್ದರು. ಅಂಟಿನುಂಡೆ, ಸಬ್ಬಸಿಗೆ ಬೀಜ, ಎಣ್ಣೆ ಹಚ್ಚಲು ಹಳೆಯ ಸೀರೆಯ ತುಂಡು ಎಲ್ಲ ಹೊತ್ತು ತಂದ ಅಜ್ಜಿ ಅಡುಗೆಮನೆಯಲ್ಲಿ ಕೈಕಟ್ಟಿ ಕೂತಿದ್ದರು. ಕಾಫಿ ಕೊಡುತ್ತಾ ಮೆಲ್ಲಗೆ ಹೇಳಿದರು: ‘ನೋಡಪ್ಪಾ, ನಮ್ಮಮ್ಮನಿಗೆ ಮೂರು ಗಂಡು ಮಕ್ಕಳು ಆಗಿ ಹೋದವಂತೆ. ಒಂದೂ ವರ್ಷ ತುಂಬಲಿಲ್ಲ. ನಾನು, ನನ್ನ ತಂಗಿ ಮಾತ್ರ ಉಳಿದದ್ದು. ದೇವರ ಕಾಟ ಅಂತ ಹರಕೆ ಹೊತ್ತರು. ಇದು ಅದೇ ಇರಬಹುದಾ?’

ಅದೇ ಇರಬಹುದು ಎಂದರು ವೈದ್ಯರು. ಈ ರೋಗದ ಒಂದು ಮುಖ್ಯ ಬಗೆಯಲ್ಲಿ ದೋಷವಿರುವುದು ಎಕ್ಸ್ ಕ್ರೋಮೊಸೋಮಿನ ಮೇಲೆ. ಹೆಣ್ಣುಮಕ್ಕಳು ಅದನ್ನು ಹೊತ್ತೂ ಆರೋಗ್ಯವಾಗಿರುತ್ತಾರೆ. ಅವರಿಗೆ ಹುಟ್ಟುವ ಪ್ರತಿ ಗಂಡು ಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ‘ಆ ಮನೆಯಲ್ಲಿ ಗಂಡು ಉಳಿಯುವುದಿಲ್ಲ’ ಎಂಬ ಮಾತನ್ನು ನಾನೂ ಊರಲ್ಲಿ ಕೇಳಿದ್ದೇನೆ. ಅದರ ಬೆನ್ನಿಗೇ ಸೊಸೆಯ ಕಾಲ್ಗುಣದ ಮಾತೂ ಬರುತ್ತಿತ್ತು. ಅಂಥ ಎಷ್ಟು ಮನೆಗಳಲ್ಲಿ ಇದ್ದದ್ದು ಈ ರೋಗವೋ, ಬರೀ ಬಡತನದ ನ್ಯುಮೋನಿಯಾವೋ, ಈಗ ಹೇಳುವ ದಾರಿ ಇಲ್ಲ.

ವಾಷಿಂಗ್ಟನ್‌ಗೂ ಈ ರೋಗಗಳಿಗೂ ಹಳೆಯ ನಂಟು. 1952ರಲ್ಲಿ ಇಲ್ಲಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕರ್ನಲ್ ಆಗ್ಡೆನ್ ಬ್ರೂಟನ್ ಎಂಬ ಮಕ್ಕಳ ವೈದ್ಯರ ಬಳಿ ಎಂಟು ವರ್ಷದ ಹುಡುಗನೊಬ್ಬನಿದ್ದ. ಅವನ ರಕ್ತಕ್ಕೆ ಮತ್ತೆ ಮತ್ತೆ ನಂಜು ಏರುತ್ತಿತ್ತು. ಆಗ ಹೊಸದಾಗಿ ಬಂದಿದ್ದ ಯಂತ್ರದಲ್ಲಿ ರಕ್ತ ಪರೀಕ್ಷಿಸಿದರೆ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಇರಲಿಲ್ಲ. ಬೇರೆಯವರ ರಕ್ತದಿಂದ ತೆಗೆದ ಅದನ್ನೇ ತಿಂಗಳಿಗೊಮ್ಮೆ ಚುಚ್ಚಿದರು, ನಂಜು ನಿಂತಿತು. ಎಪ್ಪತ್ತು ವರ್ಷ ಕಳೆದರೂ ಪ್ರತಿಕಾಯಗಳ ಕೊರತೆಗೆ ಚಿಕಿತ್ಸೆಯ ತಿರುಳು ಇದೇ. ಪಕ್ಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 1990ರ ಸೆಪ್ಟೆಂಬರ್ 14ರಂದು ಅಶಾಂತಿ ಡಿಸಿಲ್ವಾ ಎಂಬ ನಾಲ್ಕು ವರ್ಷದ ಬಾಲಕಿಗೆ, ಸ್ಕಿಡ್‌ನ ಇನ್ನೊಂದು ಬಗೆಗಾಗಿ, ಜೀನ್ ಚಿಕಿತ್ಸೆ ನೀಡಲಾಯಿತು. ಸರ್ಕಾರದ ಒಪ್ಪಿಗೆ ಪಡೆದ ಅಂಥ ಮೊದಲ ಪ್ರಯೋಗ ಅದು. ಆಕೆ ಕಿಣ್ವದ ಚುಚ್ಚುಮದ್ದನ್ನೂ ಪಡೆಯುತ್ತಿದ್ದುದರಿಂದ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಉಳಿಯಿತು. ಆಮೇಲೆ ಯುರೋಪಿನಲ್ಲಿ ಜೀನ್ ಚಿಕಿತ್ಸೆ ಪಡೆದ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದು ಈ ವಿದ್ಯೆ ವರ್ಷಗಟ್ಟಲೆ ಹಿಂದೆ ಬಿತ್ತು. ಈಗ ಸುಧಾರಿಸಿದ ವಿಧಾನಗಳು ಮತ್ತೆ ಒಳ್ಳೆಯ ಫಲ ಕೊಡುತ್ತಿವೆ. ಹಿಮ್ಮಡಿ ರಕ್ತದ ಒಣ ಚುಕ್ಕೆಯಿಂದ ಸ್ಕಿಡ್ ಪತ್ತೆ ಮಾಡಬಹುದೆಂದು 2005ರಲ್ಲಿ ತೋರಿಸಿದ್ದೂ ಬೆಥೆಸ್ಡಾದ ಜೆನಿಫರ್ ಪಕ್ ಅವರ ತಂಡವೇ.

ಕಸಿಯ ವಿಷಯದಲ್ಲಿ ನಮ್ಮವರು ತಿಳಿಯಬೇಕಾದ ಹೆಸರು ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ರೆಬೆಕಾ ಬಕ್ಲಿ. ಪೂರ್ತಿ ಹೊಂದುವ ಅಸ್ಥಿಮಜ್ಜೆ ಸಿಗದಿದ್ದರೆ ತಂದೆ ಅಥವಾ ತಾಯಿಯ ಅರ್ಧ ಹೊಂದುವ ಮಜ್ಜೆಯಿಂದ ಅಪಾಯಕಾರಿ ಕಣಗಳನ್ನು ತೆಗೆದು ಕಸಿ ಮಾಡುವ ಕ್ರಮವನ್ನು ಅವರ ತಂಡ 1982ರಿಂದ ನಡೆಸಿಕೊಂಡು ಬಂತು. ಮೂರೂವರೆ ತಿಂಗಳೊಳಗೆ ಕಸಿಯಾದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಉಳಿದರು. ಇದು ನಮಗೆ ಯಾಕೆ ಮುಖ್ಯವೆಂದರೆ, ಅಸ್ಥಿಮಜ್ಜೆ ದಾನಿಗಳ ನೋಂದಣಿಯಲ್ಲಿ ದಕ್ಷಿಣ ಏಷ್ಯಾದವರು ತೀರ ಕಡಿಮೆ. ಬಿಳಿಯರಿಗೆ ಸುಲಭವಾಗಿ ಸಿಗುವ ಹೊಂದಾಣಿಕೆ ನಮ್ಮ ಮಕ್ಕಳಿಗೆ ಸಿಗುವುದು ಕಷ್ಟ. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಒಡವೆ, ಸೀರೆ ಮಳಿಗೆಗಳ ಜೊತೆ ಒಂದು ಕೆನ್ನೆಯ ಸ್ವ್ಯಾಬ್ ಮೇಜೂ ಇಡಬಾರದೇ ಎಂದು ನನಗೆ ಅನಿಸುತ್ತದೆ. ಈ ಮಗುವಿಗೂ ಕೊನೆಗೆ ದಾನಿಯಾದವರು ಅಪ್ಪನೇ. ಎರಡೂವರೆ ತಿಂಗಳಾದಾಗ ಕಸಿ ನಡೆಯಿತು.

ಬಂದ ಕೊರತೆಯ, ಅಂದರೆ ಎಚ್‌ಐವಿಯ ಕಥೆ ಶುರುವಾದದ್ದೂ ಇದೇ ಸುತ್ತಿನ ಅಟ್ಲಾಂಟಾದಿಂದ. ಅಲ್ಲಿನ ಸಿಡಿಸಿ 1981ರ ಜೂನ್ 5ರ ತನ್ನ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಿಗೆ ಒಂದು ಅಪರೂಪದ ನ್ಯುಮೋನಿಯಾ ಬಂದಿದೆ ಎಂದು ಬರೆಯಿತು. ಅದುವರೆಗೆ ಆ ನ್ಯುಮೋನಿಯಾ ಹೆಚ್ಚಾಗಿ ಕಾಣುತ್ತಿದ್ದದ್ದು ಕ್ಯಾನ್ಸರ್ ರೋಗಿಗಳಲ್ಲಿ ಮತ್ತು ಸ್ಕಿಡ್‌ನಂಥ ಕೊರತೆಯ ಕೂಸುಗಳಲ್ಲಿ. ನಂತರದ ನಲವತ್ತು ವರ್ಷಗಳಲ್ಲಿ ಎಚ್‌ಐವಿ ಪೀಡಿತರು ಬೀದಿಗಿಳಿದು, ಕೋರ್ಟು ಹತ್ತಿ, ಎರಡೂ ದೇಶಗಳಲ್ಲಿ ಒಂದು ವ್ಯವಸ್ಥೆ ಕಟ್ಟಿಸಿಕೊಂಡರು. ಅಮೆರಿಕದಲ್ಲಿ 1990ರ ರಯಾನ್ ವೈಟ್ ಕಾಯ್ದೆ ವಿಮೆ ಇಲ್ಲದವರಿಗೂ ಔಷಧ ಕೊಡಿಸುತ್ತದೆ. ಭಾರತದಲ್ಲಿ 2004ರ ಏಪ್ರಿಲ್‌ನಿಂದ ಎಆರ್‌ಟಿ ಮಾತ್ರೆ ಉಚಿತ. 2017ರ ಕಾಯ್ದೆ ಕೆಲಸದಲ್ಲಿ, ಆಸ್ಪತ್ರೆಯಲ್ಲಿ ಎಚ್‌ಐವಿ ಪೀಡಿತರನ್ನು ಬೇರೆಯಾಗಿ ಕಾಣುವುದನ್ನು ನಿಷೇಧಿಸಿದೆ. ಇನ್ನೊಂದು ಮಾತು: ಎಚ್‌ಐವಿ ಇದ್ದರೆ ಅಮೆರಿಕದ ವೀಸಾ ಸಿಗುವುದಿಲ್ಲ ಎಂದು ಊರಿನಲ್ಲಿ ಈಗಲೂ ನಂಬಿದವರಿದ್ದಾರೆ. ಆ ನಿರ್ಬಂಧ 2010ರ ಜನವರಿ 4ರಂದೇ ಹೋಯಿತು.

ಹುಟ್ಟಿನಿಂದ ಬರುವ ಕೊರತೆಯ ಮಕ್ಕಳಿಗೆ ಅಷ್ಟು ದೊಡ್ಡ ದನಿ ಇಲ್ಲ. ಇಲ್ಲಿ ಅವರ ಪರವಾಗಿ ನಡೆದ ದೊಡ್ಡ ಕೆಲಸವೆಂದರೆ ಆ ಹಿಮ್ಮಡಿ ಪರೀಕ್ಷೆಯೇ. ಯಾವ ರೋಗಕ್ಕೆ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ತಜ್ಞರ ಸಮಿತಿಯೊಂದಿತ್ತು. 2010ರಲ್ಲಿ ಸ್ಕಿಡ್ ಸೇರಿಸಲು ಹೇಳಿದ್ದು ಆ ಸಮಿತಿ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಅದನ್ನು ವಿಸರ್ಜಿಸಿತು. ಗಾಬರಿ ಬೇಡ: ಪರೀಕ್ಷೆ ನಡೆಸುವುದು ಆಯಾ ರಾಜ್ಯಗಳು, ಅದು ನಿಂತಿಲ್ಲ. ಮೇರಿಲ್ಯಾಂಡ್, ವರ್ಜೀನಿಯಾ, ಕೆರೊಲಿನಾಗಳಲ್ಲಿ ಹೆರಿಗೆಯಾಗುವ ನಿಮ್ಮ ಮಗಳ ಕೂಸಿಗೆ ಪರೀಕ್ಷೆ ಆಗಿಯೇ ಆಗುತ್ತದೆ. ಆದರೆ ಈ ಪರೀಕ್ಷೆಗಳ ಗುಣಮಟ್ಟ ಕಾಯುವ ಮಾದರಿ ರಕ್ತದ ಚುಕ್ಕೆಗಳು ಅಟ್ಲಾಂಟಾದ ಸಿಡಿಸಿಯಿಂದಲೇ ರಾಜ್ಯಗಳಿಗೆ ಹೋಗುತ್ತವೆ, ಆ ಸಂಸ್ಥೆಯಲ್ಲಿ 2025ರಲ್ಲಿ ದೊಡ್ಡ ಪ್ರಮಾಣದ ಉದ್ಯೋಗ ಕಡಿತವಾಯಿತು. ಲೆಕ್ಕಪರಿಶೋಧಕನಾಗಿ ಹೇಳುವುದಾದರೆ, ಆಡಿಟ್ ವಿಭಾಗವನ್ನು ಮುಚ್ಚಿದ ವರ್ಷ ಕಂಪನಿಯ ಲಾಭ ಚೆನ್ನಾಗಿಯೇ ಕಾಣುತ್ತದೆ.

ಈಗ ಹಣದ ಮಾತು. ಅಮೆರಿಕದಲ್ಲಿ ಹುಟ್ಟಿದ ಮಗು ಇಲ್ಲಿನ ಪ್ರಜೆಯಾದರೂ ವಿಮೆ ತಾನಾಗಿ ಬರುವುದಿಲ್ಲ. ಹುಟ್ಟಿದ 30 ದಿನದೊಳಗೆ ಕಂಪನಿಯ ವಿಮೆಗೆ ಹೆಸರು ಸೇರಿಸಬೇಕು. ಸೇರಿಸಿದರೆ ಹುಟ್ಟಿದ ದಿನದಿಂದಲೇ ಲಾಗೂ ಆಗುತ್ತದೆ. ನಮ್ಮ ಹುಡುಗ ಗಾಬರಿಯಲ್ಲಿ ಮರೆತಿದ್ದ, ನಾನು ಆ ರಾತ್ರಿ ಮೊದಲು ಮಾಡಿಸಿದ ಕೆಲಸ ಅದು. 2014ರಿಂದ ಮೊದಲೇ ರೋಗವಿದೆ ಎಂದು ವಿಮೆ ನಿರಾಕರಿಸುವಂತಿಲ್ಲ, ಜೀವಮಾನದ ಮಿತಿಯನ್ನೂ ಹಾಕುವಂತಿಲ್ಲ. 2025ರಲ್ಲಿ ವಿಮಾ ಜಾಲದೊಳಗಿನ ಆಸ್ಪತ್ರೆಯಲ್ಲಿ ಒಂದು ಕುಟುಂಬ ಕೈಯಿಂದ ಕೊಡಬೇಕಾದ ವಾರ್ಷಿಕ ಗರಿಷ್ಠ ಮೊತ್ತ 18,400 ಡಾಲರ್. ಅದು ಮುಟ್ಟಿದ ಮೇಲೆ ಉಳಿದದ್ದು ವಿಮಾ ಕಂಪನಿಯದು.

ಆದರೆ ಈ ಲೆಕ್ಕ ನಿಂತಿರುವುದು ನೌಕರಿಯ ಮೇಲೆ. ಕಸಿಯಾಗಿ ಆರು ವಾರಕ್ಕೆ ಹುಡುಗನ ಕಂಪನಿಯ ಸರ್ಕಾರಿ ಗುತ್ತಿಗೆ ರದ್ದಾಯಿತು. ವಾಷಿಂಗ್ಟನ್ ಸುತ್ತ 2025ರಲ್ಲಿ ಅಂಥವರು ಬಹಳ ಮಂದಿ ಇದ್ದರು. ಎಚ್-1ಬಿ ಮೇಲಿದ್ದವರಿಗೆ ನೌಕರಿ ಹೋದರೆ ಸಿಗುವುದು ಗರಿಷ್ಠ 60 ದಿನ. ಕೋಬ್ರಾ ಎಂಬ ನಿಯಮದಡಿ ಹಳೆಯ ವಿಮೆಯನ್ನೇ 18 ತಿಂಗಳು ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ ಶೇ 2. ನಿರ್ಧಾರಕ್ಕೆ 60 ದಿನವಿದೆ, ಆಮೇಲೆ ಆರಿಸಿಕೊಂಡರೂ ಹಿಂದಿನ ದಿನದಿಂದ ಅನ್ವಯವಾಗುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನವೇ ಚೆಕ್ ಬರೆದವರನ್ನೂ ವಿಮೆ ಬಿಟ್ಟು ಕೈಸುಟ್ಟುಕೊಂಡವರನ್ನೂ ನಾನು ಕಂಡಿದ್ದೇನೆ. ಹುಡುಗನಿಗೆ ಐವತ್ತನೇ ದಿನ ಬೇರೆ ಕೆಲಸ ಸಿಕ್ಕಿತು. ಹೊಸ ಕಂಪನಿಯ ವಿಮೆಯಲ್ಲಿ ಕೈಯಿಂದ ಕೊಡುವ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅಟ್ಲಾಂಟಾ ಕಡೆಯವರಿಗೆ ಒಂದು ಸೂಚನೆ: ಜಾರ್ಜಿಯಾದಲ್ಲಿ ಕೇಟಿ ಬೆಕೆಟ್ ಎಂಬ ವ್ಯವಸ್ಥೆಯಿದೆ. ತೀವ್ರ ಕಾಯಿಲೆಯ ಪ್ರಜೆ ಮಗುವಿಗೆ ಮೆಡಿಕೇಡ್ ಕೊಡುವಾಗ ತಂದೆತಾಯಿಯ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಸಿಯಾದ ಅನೇಕ ಮಕ್ಕಳಿಗೂ, ಬ್ರೂಟನ್ ಕಂಡ ಹುಡುಗನಂಥವರಿಗೂ ಇಮ್ಯುನೊಗ್ಲಾಬ್ಯುಲಿನ್ ಮುಂದುವರಿಸಬೇಕಾಗುತ್ತದೆ. ತಿಂಗಳಿಗೆ ಕಿಲೋ ತೂಕಕ್ಕೆ ಸುಮಾರು ಅರ್ಧ ಗ್ರಾಂ. 20 ಕಿಲೋ ಮಗುವಿಗೆ 10 ಗ್ರಾಂ, 60 ಕಿಲೋ ಯುವಕನಿಗೆ 30 ಗ್ರಾಂ, ಬದುಕಿರುವವರೆಗೂ. ಮಗು ಬೆಳೆದಂತೆ ಬಿಲ್ಲೂ ಬೆಳೆಯುವ ಔಷಧ ಇದು. ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸುವಂತಿಲ್ಲ, ಸಾವಿರಾರು ಜನರ ಪ್ಲಾಸ್ಮಾ ಸೇರಿಸಿ ತೆಗೆಯಬೇಕು. ಜಗತ್ತಿನ ಪ್ಲಾಸ್ಮಾದಲ್ಲಿ ಸುಮಾರು ಮೂರನೇ ಎರಡು ಪಾಲು ಅಮೆರಿಕದ್ದು, ಏಕೆಂದರೆ ಇಲ್ಲಿ ಹಣ ಕೊಟ್ಟು, ವಾರಕ್ಕೆ ಎರಡು ಸಲದವರೆಗೂ ತೆಗೆದುಕೊಳ್ಳುತ್ತಾರೆ. ನಾರ್ತ್ ಕೆರೊಲಿನಾದ ಕ್ಲೇಟನ್‌ನಲ್ಲಿ ಅದನ್ನು ಬೇರ್ಪಡಿಸುವ ಬೃಹತ್ ಕಾರ್ಖಾನೆಯೇ ಇದೆ. ಬಾಡಿಗೆ ಕಟ್ಟಲು ತೋಳು ಚಾಚುವ ಬಡವರ ಪ್ಲಾಸ್ಮಾದಿಂದ ಈ ಮಕ್ಕಳು ಬದುಕುತ್ತಿದ್ದಾರೆ ಎಂಬುದೂ ನಿಜ.

ಕರ್ನಾಟಕದ ಕಡೆ ಬರೋಣ. ಸ್ಕಿಡ್‌ಗೆ ಎಲ್ಲ ಕೂಸುಗಳ ಪರೀಕ್ಷೆ ಭಾರತದಲ್ಲಿ ಇಲ್ಲ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ವಾಡಿಕೆ ಇನ್ನೂ ಇದೆ, ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದವು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣುವ ಬಗೆಗಳು ಅಂಥ ಮನೆಗಳಲ್ಲಿ ಹೆಚ್ಚು. ಇದರ ಮೇಲೆ ಒಂದು ದೊಡ್ಡ ವ್ಯತ್ಯಾಸವಿದೆ. ಊರಿನಲ್ಲಿ ಕೂಸು ಹುಟ್ಟಿದೊಡನೆ ಬಿಸಿಜಿ ಚುಚ್ಚುತ್ತಾರೆ, ಪೋಲಿಯೊ ಹನಿ ಹಾಕುತ್ತಾರೆ. ಎರಡೂ ಜೀವಂತ ಲಸಿಕೆಗಳು. ಆರೋಗ್ಯದ ಮಕ್ಕಳಿಗೆ ಅವು ರಕ್ಷೆ, ತಪ್ಪಿಸಲೇಬಾರದು. ಆದರೆ ಸ್ಕಿಡ್ ಇರುವ ಮಗುವಿನಲ್ಲಿ ಬಿಸಿಜಿಯ ಕ್ರಿಮಿಯೇ ಮೈಯೆಲ್ಲ ಹರಡಬಹುದು. ಅಮೆರಿಕದಲ್ಲಿ ಬಿಸಿಜಿ ಕೊಡುವುದಿಲ್ಲವಾದ್ದರಿಂದ ಇಲ್ಲಿನ ಮಕ್ಕಳಿಗೆ ಈ ಅಪಾಯವಿಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಂದಿರ ಒತ್ತಾಯಕ್ಕೆ ಬಿಸಿಜಿ ಹಾಕಿಸುವವರು ಮೊದಲು ಮಗುವಿನ ಹಿಮ್ಮಡಿ ಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಲಿ.

ಹಾಗಾದರೆ ಅರಸೀಕೆರೆಯಲ್ಲೋ ಸಿಂಧನೂರಲ್ಲೋ ಇರುವವರು ಏನು ಮಾಡಬೇಕು? ತಾಯಿಯ ಕಡೆ ಕೈಗೂಸುಗಳು ಸತ್ತಿದ್ದರೆ ಹೆರಿಗೆಗೆ ಮೊದಲೇ ಅದನ್ನು ವೈದ್ಯರಿಗೆ ಹೇಳಿ, ಬಿಸಿಜಿಯನ್ನು ಮುಂದೂಡಬೇಕೇ ಎಂದು ಕೇಳಬೇಕು. ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುವ ಸಾಮಾನ್ಯ ಸಿಬಿಸಿ ರಕ್ತಪರೀಕ್ಷೆಯಲ್ಲಿ ಲಿಂಫೊಸೈಟ್ ಎಂಬ ಸಾಲಿದೆ. ಕೈಗೂಸಿನಲ್ಲಿ ಆ ಸಂಖ್ಯೆ ಮೈಕ್ರೊಲೀಟರಿಗೆ 3,000ಕ್ಕಿಂತ ಕಡಿಮೆ ಇದ್ದರೆ ಮುಂದಿನ ತಪಾಸಣೆ ಬೇಕೇ ಬೇಕು. ಎಷ್ಟೋ ವರದಿಗಳಲ್ಲಿ ಆ ಸಂಖ್ಯೆ ಮುದ್ರಣವಾಗಿದ್ದೂ ಯಾರೂ ನೋಡಿರುವುದಿಲ್ಲ. ಬೆಂಗಳೂರಿನಲ್ಲಿ ಈಗ ಮಕ್ಕಳ ರೋಗನಿರೋಧಕ ತಜ್ಞರೂ ಇದ್ದಾರೆ, ಅಸ್ಥಿಮಜ್ಜೆ ಕಸಿಯೂ ನಡೆಯುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಕಸಿಗೆ ನೆರವಿದೆ. 2022ರ ತಿದ್ದುಪಡಿಯ ನಂತರ ಮಿತಿ 50 ಲಕ್ಷ ರೂಪಾಯಿ. ರಾಜ್ಯದಲ್ಲಿ ಅದಕ್ಕೆ ಗೊತ್ತುಮಾಡಿದ ಕೇಂದ್ರ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಕಸಿ ಒಂದು ಸಲದ ಖರ್ಚು. ತಿಂಗಳು ತಿಂಗಳು ಇಮ್ಯುನೊಗ್ಲಾಬ್ಯುಲಿನ್ ಬೇಕಾದವರಿಗೆ 50 ಲಕ್ಷವೂ ಒಂದು ದಿನ ಮುಗಿಯುತ್ತದೆ.

ತೆರಿಗೆಯ ಒಂದು ವಿಚಿತ್ರ ಹೇಳದಿದ್ದರೆ ನನ್ನ ವೃತ್ತಿಗೆ ಅಪಚಾರ. ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿಡಿಬಿ ಎಂದು ಪರಿಚಿತವಾದ ಸೆಕ್ಷನ್ ಕೆಲವು ಕಾಯಿಲೆಗಳ ಖರ್ಚಿಗೆ ವಿನಾಯಿತಿ ಕೊಡುತ್ತದೆ. ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ, ಹಿಮೋಫಿಲಿಯಾ, ಥಲಸ್ಸೇಮಿಯಾ, ಪೂರ್ಣ ಏಡ್ಸ್ ಆ ಪಟ್ಟಿಯಲ್ಲಿವೆ. ಹುಟ್ಟಿನಿಂದ ಬರುವ ರೋಗನಿರೋಧಕ ಕೊರತೆ ಇಲ್ಲ. ವಿನಾಯಿತಿ ಭಾರತದ ನಿವಾಸಿಗಳಿಗೆ ಮಾತ್ರ, ಆದ್ದರಿಂದ ಊರಿನ ತಮ್ಮನ ಮಗುವಿಗೆ ಇಲ್ಲಿಂದ ಹಣ ಕಳಿಸುವ ಅನಿವಾಸಿ ಅಣ್ಣನಿಗೂ ಅದು ಸಿಗದು. ಖಾಸಗಿ ಆರೋಗ್ಯ ವಿಮೆ ಇದ್ದವರಿಗೆ ಮಾತ್ರ ಒಂದು ಆಸರೆ: 2018ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ವಂಶವಾಹಿ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವುದು ತಪ್ಪೆಂದಿತು, ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಹಾಗೆಯೇ ಸೂಚಿಸಿತು. ಕ್ಲೇಮ್ ತಿರಸ್ಕೃತವಾಗಿ ಬಂದರೆ ಆ ಪತ್ರವನ್ನು ಕಪಾಟಿಗೆ ಹಾಕದೆ ಈ ಎರಡನ್ನೂ ಉಲ್ಲೇಖಿಸಿ ಉತ್ತರ ಬರೆಯಿರಿ.

ಮಗುವಿಗೆ ಈಗ ಹತ್ತು ತಿಂಗಳು. ಟಿ ಕಣಗಳು ಏರಿವೆ, ಇಮ್ಯುನೊಗ್ಲಾಬ್ಯುಲಿನ್ ವಾರಕ್ಕೊಮ್ಮೆ ಮನೆಯಲ್ಲೇ ಚರ್ಮದಡಿಗೆ ಕೊಡುತ್ತಾರೆ. ಅಜ್ಜಿ ವೀಸಾದ ಆರು ತಿಂಗಳು ಮುಗಿಸಿ ಜೂನ್‌ನಲ್ಲಿ ಹೊರಟರು. ಹೊರಡುವ ವಾರವಷ್ಟೇ ಮೊಮ್ಮಗನನ್ನು ಮಾಸ್ಕ್ ಹಾಕಿಕೊಂಡು ಎತ್ತಿಕೊಳ್ಳಲು ಬಿಟ್ಟಿದ್ದರು. ಕಳೆದ ತಿಂಗಳು ಊರಿನಿಂದ ಅವರದೇ ಫೋನ್. ‘ನನ್ನ ತಂಗಿ ಮಗಳಿಗೆ ಏಳು ತಿಂಗಳಪ್ಪಾ. ಬಿಸಿಜಿ ಈಗಲೇ ಬೇಡ, ಮೊದಲು ರಕ್ತ ನೋಡಿ ಅಂತ ನಾನು ಹೇಳಿದರೆ ಆಸ್ಪತ್ರೆಯಲ್ಲಿ ಯಾರು ಕೇಳ್ತಾರೆ? ಇಂಗ್ಲಿಷಲ್ಲಿ ಒಂದು ಕಾಗದ ಮಾಡಿಸಿ ಕಳಿಸ್ತೀಯಾ?’ ಇಲ್ಲಿನ ವೈದ್ಯರು ಅರ್ಧ ಪುಟದ ಪತ್ರ ಬರೆದುಕೊಟ್ಟರು, ಜೊತೆಗೆ ಮೊಮ್ಮಗನ ಜೀನ್ ವರದಿಯ ಪ್ರತಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅವರು ಹಾಸನದಲ್ಲಿ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಹುಡುಗಿಯ ತಾಯಿ ಕಾರ್ಡಿನ ಒಳಗೆ ಇಡಿಸಿದ್ದಾರಂತೆ.